ಕೈದಿಯೇ ಜೈಲು ಸಿಬ್ಬಂದಿಯಾದರೆ? 'ಕೈದಿ ವಾರ್ಡರ್' ಎಂದರೆ ಯಾರು, ಅವರ ಕೆಲಸವೇನು? ಇಲ್ಲಿದೆ ಮಾಹಿತಿ

ಮುಂಬೈ: ಎರಡು ಮೊಟ್ಟೆ, ಐದು ಪಾವ್. 2017ರ ಜೂನ್ 23ರಂದು ಬೈಕುಲಾ ಮಹಿಳಾ ಜೈಲಿನಲ್ಲಿ ಬೆಳಗಿನ ತಿಂಡಿಯ ಲೆಕ್ಕದಲ್ಲಿ ಕಡಿಮೆ ಬಂದಿದ್ದು ಇಷ್ಟೇ. ಇದೇ ವಿಚಾರಕ್ಕೆ ಜೈಲು ಸಿಬ್ಬಂದಿ ಥಳಿಸಿದ್ದರಿಂದ ಮಂಜುಳಾ ಶೆಟ್ಯೆ ಮೃತಪಟ್ಟರು ಎಂಬ ದೂರಿನ ಮೇಲೆ ನಾಗಪಾಡಾ ಠಾಣೆಯಲ್ಲಿ ಕೊಲೆ ಪ್ರಕರಣ ದಾಖಲಾಯಿತು. ಮಹಿಳಾ ಜೈಲರ್ ಸೇರಿ ಆರು ಮಂದಿಯನ್ನು ಬಂಧಿಸಲಾಯಿತು. ಮರುದಿನ ಪ್ರತಿಭಟಿಸಿದ 200ಕ್ಕೂ ಹೆಚ್ಚು ಕೈದಿಗಳ ವಿರುದ್ಧ ಗಲಭೆ ಪ್ರಕರಣವೂ ದಾಖಲಾಯಿತು.

ಮಂಜುಳಾ ಜೀವಾವಧಿ ಶಿಕ್ಷೆಗೆ ಒಳಗಾಗಿದ್ದ ಕೈದಿ. ಜೊತೆಗೆ, ಬ್ಯಾರಕ್‌ನ ವಾರ್ಡರ್ ಕೂಡ. ಪುಣೆಯ ಯೆರವಡಾ ಜೈಲಿನಿಂದ ಅವರನ್ನು ಬೈಕುಲಾಕ್ಕೆ ಕರೆತರಲಾಗಿತ್ತು.

ಕೈದಿ ವಾರ್ಡರ್ ಎಂದರೆ ಯಾರು?

ಸನ್ನಡತೆಯ ಕೈದಿಗಳಿಗೆ ಬ್ಯಾರಕ್‌ನ ಶಿಸ್ತು, ಊಟ-ತಿಂಡಿ ಹಂಚಿಕೆಯಂತಹ ಜವಾಬ್ದಾರಿ ನೀಡುವುದು ಬ್ರಿಟಿಷರ ಕಾಲದ ಪದ್ಧತಿ. 1894ರ ಕಾರಾಗೃಹ ಕಾಯ್ದೆಯ ಸೆಕ್ಷನ್ 23ರ ಪ್ರಕಾರ, ಹೀಗೆ ನೇಮಕಗೊಂಡ ಕೈದಿಯನ್ನು ಸಾರ್ವಜನಿಕ ಸೇವಕ ಎಂದೇ ಪರಿಗಣಿಸಲಾಗುತ್ತದೆ.

ಇವರ ಅಗತ್ಯ ಏಕೆ?

2016ರ ಮಾದರಿ ಕಾರಾಗೃಹ ಕೈಪಿಡಿಯಂತೆ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು. ಆದರೆ ಮುಂಬೈ ಜೈಲುಗಳು ಸದಾ ಭರ್ತಿ. 804 ಮಂದಿಯ ಸಾಮರ್ಥ್ಯದ ಆರ್ಥರ್ ರೋಡ್ ಜೈಲಿನಲ್ಲಿ ವರ್ಷಗಟ್ಟಲೆ 2,000ಕ್ಕೂ ಹೆಚ್ಚು ಕೈದಿಗಳಿದ್ದರು. ಸಿಬ್ಬಂದಿ ಸಾಲದ ಕಡೆ ದಿನನಿತ್ಯದ ಕೆಲಸ ಕೈದಿ ವಾರ್ಡರ್‌ಗಳ ಹೆಗಲಿಗೆ ಬೀಳುತ್ತದೆ.

ಸಮಸ್ಯೆ ಎಲ್ಲಿ?

ಕೈದಿಗಳ ಕಣ್ಣಿಗೆ ವಾರ್ಡರ್ 'ಜೈಲಿನವರ ಕಡೆಯವಳು'. ಜೈಲರ್ ಕಣ್ಣಿಗೆ ಆಕೆ ಬರೀ ಕೈದಿ. ಸಂಬಳದ ನೌಕರರಿಗೆ ಮೇಲಧಿಕಾರಿ ಕಾಟ ಕೊಟ್ಟರೆ ವರ್ಗಾವಣೆ ಕೇಳಬಹುದು, ರಜೆ ಹಾಕಬಹುದು, ಡ್ಯೂಟಿ ಮುಗಿಸಿ ಮನೆಗಾದರೂ ಹೋಗಬಹುದು. ಕೈದಿ ವಾರ್ಡರ್‌ಗೆ ಇದ್ಯಾವುದೂ ಇಲ್ಲ. ಸನ್ನಡತೆಗೆ ಸಿಗುವ ಶಿಕ್ಷೆ ಕಡಿತವೂ ಅದೇ ಅಧಿಕಾರಿಗಳ ವರದಿಯನ್ನು ಅವಲಂಬಿಸಿದೆ. ಹೀಗಾಗಿ ಲೆಕ್ಕದಲ್ಲಿ ವ್ಯತ್ಯಾಸವಾಯಿತು ಎನ್ನುವುದಕ್ಕೂ ಧೈರ್ಯ ಬೇಕು.

ದೂರು ಯಾರಿಗೆ ಹೇಳಬೇಕು?

ಜೈಲಿಗೆ ಭೇಟಿ ನೀಡುವ ನ್ಯಾಯಾಧೀಶರು ಮತ್ತು ಸಂದರ್ಶಕರ ಮಂಡಳಿಗೆ ಅಹವಾಲು ಸಲ್ಲಿಸಬಹುದು. ಡಿ.ಕೆ. ಬಸು ಪ್ರಕರಣದಲ್ಲಿ 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಜೈಲುಗಳಲ್ಲಿ ಸಿಸಿಟಿವಿ ಅಳವಡಿಸುವಂತೆ ಸೂಚಿಸಿತ್ತು. ಆದರೆ ಭೇಟಿ ಮುಗಿಸಿ ನ್ಯಾಯಾಧೀಶರು ಹೊರಡುತ್ತಾರೆ. ದೂರು ಕೊಟ್ಟ ವಾರ್ಡರ್ ಮರುದಿನ ಬೆಳಿಗ್ಗೆ ಅದೇ ಜೈಲರ್ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು.