ಆಗಾಖಾನ್ ಅರಮನೆಯ ಮಣ್ಣಿನ ಪಟ್ಟಿ, ದೇಹೂ ರೋಡಿನ ಸಾಣೆಕಲ್ಲು: ಪ್ರಕೃತಿ ಚಿಕಿತ್ಸೆ ಮತ್ತು ಮನೆಮದ್ದಿನ ನಂಟಿನ ಮರುವಿಚಾರ

ಗಾಂಧೀಜಿಯವರ ಪ್ರಕೃತಿ ಚಿಕಿತ್ಸೆ ನಮ್ಮ ಅಜ್ಜಿಯರ ಮನೆಮದ್ದಿನ ಮುಂದುವರಿಕೆ ಎಂಬ ಮಾತು ಲೇಖನಗಳಲ್ಲೂ ಭಾಷಣಗಳಲ್ಲೂ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಆಧಾರವೇನೆಂದು ಕೇಳುವುದೇ ಅಸಭ್ಯತನ ಅನ್ನಿಸುವಂತಾಗಿದೆ. ಹೀಗೆ ಬರೆಯುವವರೆಲ್ಲ ಒಂದೇ ಪುರಾವೆ ತೋರಿಸುತ್ತಾರೆ: ಗಾಂಧೀಜಿಯವರ ಗುಜರಾತಿ ಪುಸ್ತಕ ‘ಆರೋಗ್ಯನೀ ಚಾವಿ’ಯ ಎರಡನೆಯ ಭಾಗ. ಅಲ್ಲಿ ಅಧ್ಯಾಯಗಳು ಪೃಥ್ವಿ, ಜಲ, ಆಕಾಶ, ತೇಜಸ್ಸು, ವಾಯು ಎಂಬ ಹೆಸರಿನಲ್ಲಿವೆ. ಪಂಚಭೂತ ಬಂತೆಂದರೆ ಆಯುರ್ವೇದ, ಆಯುರ್ವೇದದಿಂದ ಅಡುಗೆಮನೆಯ ಕಷಾಯ. ಲೆಕ್ಕ ಮುಗಿಯಿತು. ವಿಷಯಸೂಚಿ ದಾಟಿ ಒಳಗಿನ ಪುಟಗಳನ್ನು ಓದಿದವರು ಈ ಲೆಕ್ಕವನ್ನು ಒಪ್ಪಲಾರರು ಎಂಬುದು ಈ ಲೇಖನದ ವಾದ.

ಪುಸ್ತಕ ಹುಟ್ಟಿದ್ದು ಪುಣೆಯಲ್ಲಿ. ಕ್ವಿಟ್ ಇಂಡಿಯಾ ಬಂಧನದ ಬಳಿಕ ಆಗಾಖಾನ್ ಅರಮನೆಯಲ್ಲಿ ಕುಳಿತು, 1942ರ ಆಗಸ್ಟ್ ಕೊನೆಯಲ್ಲಿ ಆರಂಭಿಸಿ ಡಿಸೆಂಬರ್ 18ಕ್ಕೆ ಗಾಂಧೀಜಿ ಇದನ್ನು ಮುಗಿಸಿದರು. 1913ರಲ್ಲಿ ದಕ್ಷಿಣ ಆಫ್ರಿಕದ ‘ಇಂಡಿಯನ್ ಒಪಿನಿಯನ್’ನಲ್ಲಿ ಬರೆದ ಲೇಖನಮಾಲೆಯೇ ಇದರ ಮೂಲ. ಮೂವತ್ತು ವರ್ಷಗಳ ಪ್ರಯೋಗದ ನಂತರ ಮೊದಲಿನಿಂದ ಬರೆದದ್ದರಿಂದ, ಇದನ್ನು ಅವರ ಪಕ್ವ ಅಭಿಪ್ರಾಯವೆಂದು ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಈಗ ‘ಪೃಥ್ವಿ’ ಅಧ್ಯಾಯವನ್ನೇ ನೋಡೋಣ. ಮಲಬದ್ಧತೆಗೆ ಕಿಬ್ಬೊಟ್ಟೆಯ ಮೇಲೆ ಇಡುವ ಮಣ್ಣಿನ ಪಟ್ಟಿಯ ಅಳತೆ ಹೀಗಿದೆ: ಮೂರು ಅಂಗುಲ ಅಗಲ, ಆರು ಅಂಗುಲ ಉದ್ದ, ಅರ್ಧ ಅಂಗುಲ ದಪ್ಪ. ತಲೆನೋವಿಗೆ ಅದೇ ಮಣ್ಣು ತಲೆಯ ಮೇಲೆ, ಜೋರು ಜ್ವರಕ್ಕೆ ತಲೆಗೂ ಹೊಟ್ಟೆಗೂ, ಚೇಳು ಕಡಿದರೆ ಕಡಿದ ಜಾಗಕ್ಕೆ. ಮಣ್ಣು ಯಾವುದಿರಬೇಕು? ಮರಳು ಮರಳಾಗಿರಬಾರದು, ಅಂಟಂಟಾಗಿಯೂ ಇರಬಾರದು. ಗೊಬ್ಬರ ಹಾಕಿದ ಹೊಲದ್ದಾಗಿರಬಾರದು. ನುಣುಪಾದ ಜರಡಿಯಲ್ಲಿ ಸೋಸಬೇಕು, ಸಂಶಯವಿದ್ದರೆ ಕಾಯಿಸಿ ಶುದ್ಧಮಾಡಬೇಕು. ಬಿಸಿ ಪಟ್ಟಿಗೆ ತುಸು ಎಣ್ಣೆ, ಉಪ್ಪು ಸೇರಿಸುವುದನ್ನು ಬಿಟ್ಟರೆ ಬೇರೆ ದ್ರವ್ಯ ಬೆರೆಸುವ ಮಾತಿಲ್ಲ. ತನಗೆ ಈ ದಾರಿ ತೋರಿಸಿದವರ ಹೆಸರನ್ನೂ ಗಾಂಧೀಜಿ ಮುಚ್ಚಿಟ್ಟಿಲ್ಲ. ಮಣ್ಣಿಗೆ ಜರ್ಮನಿಯ ಅಡಾಲ್ಫ್ ಜುಸ್ಟ್, ನೀರಿಗೆ ಲೈಪ್‌ಜಿಗ್‌ನ ಲೂಯಿ ಕೂನೆ. ತೊಟ್ಟಿಯಲ್ಲಿ ಸೊಂಟದವರೆಗೆ ನೀರು ತುಂಬಿ ಕೂರುವ ಸ್ನಾನ ಕೂನೆಯದು. ಗ್ರಂಥಕರ್ತನೇ ಋಣ ಒಪ್ಪಿಕೊಂಡಿರುವಾಗ ಸಾಲ ಕೊಟ್ಟವರ ಹೆಸರು ಅಳಿಸುವ ಅಧಿಕಾರವನ್ನು ವ್ಯಾಖ್ಯಾನಕಾರರಿಗೆ ಯಾರು ಕೊಟ್ಟರೋ ತಿಳಿಯದು.

ಇಲ್ಲಿ ಒಂದು ಆಕ್ಷೇಪಣೆಗೆ ತೂಕವಿದೆ. ನಮ್ಮ ಹಳ್ಳಿಗಳಲ್ಲಿ ಬಾವಿಗೆ, ಉಳುಕಿಗೆ ಹುತ್ತದ ಮಣ್ಣು ಹಚ್ಚುವುದಿಲ್ಲವೆ? ಹಚ್ಚುತ್ತಾರೆ. ಆದರೆ ಅಲ್ಲಿ ಮಣ್ಣಿನ ಮೂಲವೇ ಮುಖ್ಯ. ಹುತ್ತದ್ದೇ ಆಗಬೇಕು. ಅದಕ್ಕೆ ಹುಣಸೆಯ ರಸವೋ ಉಪ್ಪೋ ಸೇರುತ್ತದೆ, ಬಿಸಿಮಾಡಿ ಹಚ್ಚುವುದೂ ಉಂಟು. ಬಾವಿಗೆ ಹಚ್ಚಿದ್ದನ್ನು ಮಲಬದ್ಧತೆಗೆ ಹೊಟ್ಟೆಯ ಮೇಲೆ ಯಾರೂ ಇಡುವುದಿಲ್ಲ. ಗಾಂಧೀಜಿಯ ಮಣ್ಣಿಗೆ ಊರಿಲ್ಲ, ಕೇರಿಯಿಲ್ಲ, ಗುಣವಿಶೇಷವಿಲ್ಲ. ನುಣುಪು, ಶುದ್ಧಿ ಇದ್ದರೆ ಸಾಕು. ಕೈಯಲ್ಲಿರುವ ವಸ್ತು ಒಂದೇ ಆದರೂ ಅದರ ಹಿಂದಿನ ತರ್ಕ ಬೇರೆ. (ಎರಡೂ ಕಡೆ ಮಣ್ಣಿದೆ ಎಂಬಷ್ಟಕ್ಕೇ ಪರಂಪರೆ ಕಟ್ಟುವವರು ಕುಂಬಾರಿಕೆಯನ್ನೂ ಪ್ರಕೃತಿ ಚಿಕಿತ್ಸೆಯ ಶಾಖೆ ಎನ್ನಬಹುದು.)

ಆ ತರ್ಕ ಯಾವುದು? ಕೂನೆಯ ಸಿದ್ಧಾಂತದಲ್ಲಿ ರೋಗಗಳೆಲ್ಲ ಒಂದೇ. ದೇಹದಲ್ಲಿ ಸೇರಿಕೊಂಡ ಕಶ್ಮಲವೇ ಕಾರಣ, ಅದನ್ನು ಹೊರಹಾಕುವುದೇ ಚಿಕಿತ್ಸೆ. ರೋಗ ಒಂದಾದ ಮೇಲೆ ಮದ್ದೂ ಒಂದೇ ಸಾಕು. ಮನೆಮದ್ದು ಇದಕ್ಕೆ ನೇರ ವಿರುದ್ಧ. ಪುಣೆಯ ಬಳಿಯ ದೇಹೂ ರೋಡಿನ ಮನೆಗಳಲ್ಲಿ ಎಳೆಗೂಸಿಗೆ ಕೊಡುವ ಗುಟ್ಟಿಯನ್ನು ತೆಗೆದುಕೊಳ್ಳಿ. ಮರಾಠಿಯವರು ಬಾಳಗುಟ್ಟಿ ಎನ್ನುವ ಇದರಲ್ಲಿ ಬಾಳಹಿರಡಾ, ಜಾಯಿಕಾಯಿ, ಅರಿಶಿನದ ಕೊಂಬು, ವೇಖಂಡ ಇರುತ್ತವೆ. ಈ ವೇಖಂಡವೇ ಕನ್ನಡ ಮನೆಯ ಬಜೆ. ಒಂದೊಂದನ್ನೂ ಸಾಣೆಕಲ್ಲಿನ ಮೇಲೆ ಎಣಿಸಿ ಸುತ್ತು ತೇಯುತ್ತಾರೆ. ಮಗುವಿನ ತಿಂಗಳು ಹೆಚ್ಚಿದಂತೆ ಸುತ್ತು ಹೆಚ್ಚುತ್ತದೆ. ಭೇದಿಯಾದರೆ ಒಂದನ್ನು ಬಿಡುತ್ತಾರೆ, ನೆಗಡಿಯಾದರೆ ಇನ್ನೊಂದನ್ನು ಹೆಚ್ಚು ತೇಯುತ್ತಾರೆ. ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡಿ, ಹೊಟ್ಟೆಯುಬ್ಬರಕ್ಕೆ ಅಜವಾನ, ಕೆಮ್ಮಿಗೆ ಶುಂಠಿ, ಮೆಣಸು. ಇವೆಲ್ಲವನ್ನೂ ಆಳುವುದು ಉಷ್ಣ–ತಂಪು, ವಾಯು–ಪಿತ್ತಗಳ ವಿಚಾರ. ಇಲ್ಲಿ ಅಳತೆಯೆಂದರೆ ದ್ರವ್ಯದ ಅಳತೆ. ಗಾಂಧೀಜಿಯ ಅಂಗುಲಗಳಾದರೋ ಬಟ್ಟೆಯಲ್ಲಿ ಕಟ್ಟುವ ಮಣ್ಣಿನ ಗಾತ್ರ ಮಾತ್ರ.

ಇನ್ನೂ ಒಂದು ಅಂಶವನ್ನು ನಮ್ಮವರು ಜಾಣತನದಿಂದ ಬಿಟ್ಟುಬಿಡುತ್ತಾರೆ. ಅದೇ ಪುಸ್ತಕದ ಮೊದಲ ಭಾಗದಲ್ಲಿ ಮಸಾಲೆಗಳ ಬಗ್ಗೆ ಒಂದು ಅಧ್ಯಾಯವಿದೆ. ಆರೋಗ್ಯವಂತ ದೇಹಕ್ಕೆ ಮಸಾಲೆ ಬೇಕಿಲ್ಲ ಎಂಬುದು ಅದರ ನಿಲುವು. ಮನೆಮದ್ದಿನ ಔಷಧದ ಪೆಟ್ಟಿಗೆಯೇ ಮಸಾಲೆ ಡಬ್ಬಿಯಾಗಿರುವಾಗ, ದಿನದ ಊಟದಿಂದ ಆ ಡಬ್ಬಿಯನ್ನೇ ದೂರವಿಡುವ ಗ್ರಂಥವನ್ನು ಮನೆಮದ್ದಿನ ಗ್ರಂಥವೆನ್ನುವುದು ಹೇಗೆ?

ಈ ಚರ್ಚೆಯಲ್ಲಿ ಯಾರೂ ಗಮನ ಕೊಡದ ಆಕರವೊಂದಿದೆ: ಬಂಧನದ ಅವಧಿಯಲ್ಲಿ ಗಾಂಧೀಜಿ ಸರ್ಕಾರದೊಂದಿಗೆ ನಡೆಸಿದ ಪತ್ರವ್ಯವಹಾರ. ರಾಜಕೀಯ ಇತಿಹಾಸಕಾರರು ಇದನ್ನು ಉಪವಾಸದ ಪತ್ರಗಳಿಗಾಗಿ ತಿರುವಿಹಾಕುತ್ತಾರೆ, ವೈದ್ಯಕೀಯ ಇತಿಹಾಸದವರು ಮುಟ್ಟುವುದಿಲ್ಲ. 1944ರ ಜನವರಿ ಕೊನೆಯ ವಾರದಲ್ಲಿ ಕಸ್ತೂರಬಾ ಕಾಯಿಲೆ ಉಲ್ಬಣಿಸಿದಾಗ ಬರೆದ ಪತ್ರದಲ್ಲಿ ಎರಡು ಕೋರಿಕೆಗಳಿವೆ. ಒಂದು, ಪುಣೆಯ ಡಾ. ದಿನಶಾ ಮೆಹ್ತಾ ಅವರನ್ನು ಕರೆಸಬೇಕೆಂದು ಬಾ ಕೇಳುತ್ತಿದ್ದಾರೆ ಎಂಬುದು. ಎರಡು, ಆಯುರ್ವೇದ ವೈದ್ಯರೊಬ್ಬರು ತನ್ನನ್ನು ನೋಡಬೇಕೆಂದು ಅವರು ಹಲವು ಸಲ ಹೇಳಿದ್ದಾರೆ ಎಂಬುದು. ಮೆಹ್ತಾ ಪುಣೆಯ ಪ್ರಕೃತಿ ಚಿಕಿತ್ಸಾಲಯದ ಸ್ಥಾಪಕರು. ವೈದ್ಯರಾಗಿ ಮುಂದೆ ಬಂದವರು ಲಾಹೋರಿನ ಪಂಡಿತ ಶಿವ ಶರ್ಮಾ. ಇಬ್ಬರು ಬೇರೆ ವ್ಯಕ್ತಿಗಳು, ಎರಡು ಬೇರೆ ಅಪ್ಪಣೆಗಳು. ಇವೆರಡೂ ಒಂದೇ ಚಿಕಿತ್ಸೆಯೆಂದು ರೋಗಿಗೂ ಅನಿಸಿರಲಿಲ್ಲ, ಪತ್ರ ಬರೆದವರಿಗೂ ಅನಿಸಿರಲಿಲ್ಲ.

ಪತ್ನಿಯ ಆಸೆಯನ್ನು ಗಾಂಧೀಜಿ ಬರೀ ಮುಟ್ಟಿಸಿದರು, ಅದು ಅವರ ಸ್ವಂತ ವರ್ಗೀಕರಣವಲ್ಲ ಎಂದು ವಾದಿಸಬಹುದು. ವಾದಿಸಲಿ. ಆದರೆ 1925ರಲ್ಲಿ ಕಲ್ಕತ್ತೆಯ ಅಷ್ಟಾಂಗ ಆಯುರ್ವೇದ ವಿದ್ಯಾಲಯಕ್ಕೆ ಶಂಕುಸ್ಥಾಪನೆ ಮಾಡಲು ಹೋದವರೇ ವೈದ್ಯರನ್ನು ಅದೇ ವೇದಿಕೆಯಲ್ಲಿ ಟೀಕಿಸಿ ಬಂದದ್ದನ್ನು ಮರೆಯಬಾರದು. ಅಂತರ ಅವರ ಮನಸ್ಸಿನಲ್ಲಿ ಬಹು ಹಿಂದಿನಿಂದಲೂ ಇತ್ತು. ಮೇಲಾಗಿ ಬಾ ಅವರ ಆಸೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ಸಾಕ್ಷಿ. ದಶಕಗಳ ಕಾಲ ಗಂಡನ ಮಣ್ಣು–ನೀರಿನ ಪ್ರಯೋಗಗಳನ್ನು ಕಂಡುಂಡ ಹೆಣ್ಣುಮಗಳು, ಕೊನೆಗಾಲದಲ್ಲಿ ಪ್ರಕೃತಿ ಚಿಕಿತ್ಸಕರ ಜೊತೆಗೆ ಬೇರು–ಭಸ್ಮಗಳ ವೈದ್ಯರೂ ಬೇಕೆಂದು ಪ್ರತ್ಯೇಕವಾಗಿ ಕೇಳಿದರು. ವೈದ್ಯರಿಗೆ ರಾತ್ರಿ ಅರಮನೆಯಲ್ಲಿ ಉಳಿಯಲು ಅನುಮತಿ ಸಿಗದೆ, ಅವರು ಗೇಟಿನ ಹೊರಗೆ ಕಾರಿನಲ್ಲೇ ಮಲಗಬೇಕಾಯಿತು. ಕಲ್ಕತ್ತೆಯಿಂದ ತರಿಸಿದ ಪೆನಿಸಿಲಿನ್ ಬಂದರೂ ಚುಚ್ಚಲಿಲ್ಲ. ಫೆಬ್ರುವರಿ 22ರಂದು ಬಾ ತೀರಿಕೊಂಡರು. ಹತ್ತು ವರ್ಷಗಳ ನಂತರ, 1954ರಲ್ಲಿ, ಅದೇ ಔಷಧ ತಯಾರಿಸಲು ದೇಹೂ ರೋಡಿನಿಂದ ಕೆಲವೇ ನಿಲ್ದಾಣಗಳಾಚೆಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು.

ಇನ್ನೊಂದು ವಾದ ಜೈನ ವೈದ್ಯ ಪರಂಪರೆಯ ಕಡೆಯಿಂದ ಬರುತ್ತದೆ. ಆ ಪರಂಪರೆಯ ಉಗ್ರಾದಿತ್ಯನ ಸಂಸ್ಕೃತ ಗ್ರಂಥ ‘ಕಲ್ಯಾಣಕಾರಕ’ ಸೊಲ್ಲಾಪುರದಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಚ್ಚಾದದ್ದು 1940ರಲ್ಲಿ. ಮಾಂಸವನ್ನು ಔಷಧದಿಂದಲೂ ದೂರವಿಡುವ ಈ ಧಾರೆಯನ್ನೇ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ವರ್ಜನೆಯೇ ವೈದ್ಯವೆಂಬ ಈ ನಿಷ್ಠೆಗೂ ಗಾಂಧೀಜಿಯ ವ್ರತಗಳಿಗೂ ಹೋಲಿಕೆಯಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಉಗ್ರಾದಿತ್ಯ ಪಾದರಸದ ಸಂಸ್ಕಾರಕ್ಕೂ ಅಧ್ಯಾಯ ಮೀಸಲಿಟ್ಟ ದ್ರವ್ಯವಾದಿ. ಕೂನೆಯ ಶಿಷ್ಯನಿಗೆ ಆ ಅಧ್ಯಾಯ ಅಪಥ್ಯ.

ಹಾಗಿದ್ದರೆ ಎರಡು ಧಾರೆಗಳು ಬೆರೆತದ್ದು ಎಲ್ಲಿ? 1946ರ ಮಾರ್ಚ್ ಕೊನೆಯಲ್ಲಿ ಗಾಂಧೀಜಿ ಪುಣೆಯ ಬಳಿಯ ಉರುಳಿ ಕಾಂಚನಕ್ಕೆ ಹೋದಾಗಲೂ ಬೆರೆಯಲಿಲ್ಲ. ನಗರದ ಚಿಕಿತ್ಸಾಲಯ ಬಡವರಿಗೆ ಎಟುಕದು ಎಂದು ಹಳ್ಳಿಗೆ ಹೋದ ಅವರು ಅಲ್ಲಿ ಸೇರಿಸಿದ್ದು ರಾಮನಾಮವನ್ನು, ಕಷಾಯವನ್ನಲ್ಲ. ಬೆರಕೆ ನಡೆದದ್ದು ಬಹುಮಟ್ಟಿಗೆ ಸರ್ಕಾರಿ ಕಡತದಲ್ಲಿ ಎಂದು ನನ್ನ ಅಂದಾಜು. 1995ರಲ್ಲಿ ಭಾರತೀಯ ವೈದ್ಯ ಪದ್ಧತಿಗಳು ಮತ್ತು ಹೋಮಿಯೋಪಥಿಗಾಗಿ ಇಲಾಖೆಯಾಯಿತು, 2003ರಲ್ಲಿ ಅದಕ್ಕೆ ಆಯುಷ್ ಎಂಬ ಹೆಸರಾಯಿತು, 2014ರಲ್ಲಿ ಸಚಿವಾಲಯವಾಯಿತು. ಆಯುರ್ವೇದಕ್ಕೂ ಪ್ರಕೃತಿ ಚಿಕಿತ್ಸೆಗೂ ಒಂದೇ ಸೂರು ಆಡಳಿತಕ್ಕೆ ಅನುಕೂಲವಿರಬಹುದು. ಸೂರು ಒಂದೆಂದ ಮಾತ್ರಕ್ಕೆ ಮನೆತನವೂ ಒಂದೇ ಎಂದು ಇತಿಹಾಸಕಾರ ಬರೆಯಬಾರದು.

ಇದು ಬರೀ ವಂಶಾವಳಿಯ ಜಗಳವಲ್ಲ. ಮಣ್ಣು, ನೀರು, ಬಿಸಿಲಿನ ಚಿಕಿತ್ಸೆ ‘ಔಷಧವೇ ಇಲ್ಲ, ಆದ್ದರಿಂದ ಅಡ್ಡಪರಿಣಾಮವಿಲ್ಲ’ ಎಂದು ಹೇಳಿಕೊಂಡಾಗ ಅದು ತನ್ನ ತರ್ಕಕ್ಕೆ ನಿಷ್ಠವಾಗಿಯೇ ಇತ್ತು. ಆ ಮಾತು ಈಗ ಜಾಗ ಬದಲಿಸಿ ಪುಡಿ, ಲೇಹ್ಯ, ರಸದ ಬಾಟಲಿಗಳ ಮೇಲೆ ‘ನೈಸರ್ಗಿಕ’ ಎಂಬ ಚೀಟಿಯಾಗಿ ಅಂಟಿಕೊಂಡಿದೆ. ದೇಹೂ ರೋಡಿನ ಬಜಾರಿನಲ್ಲೂ ಅದೇ, ಬೆಳಗಾವಿಯಲ್ಲೂ ಅದೇ. ಎಣಿಸಿ ತೇಯುತ್ತಿದ್ದ ಬಜೆ ಪುಡಿಯಾಗಿ ಚಮಚದ ಲೆಕ್ಕಕ್ಕೆ ಬಂದಿದೆ. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಗೆಡ್ಡೆ ಕಾಣಿಸಿದ್ದಕ್ಕೆ ಅಮೆರಿಕ ಇದೇ ಬಜೆಯನ್ನು 1968ರಲ್ಲಿ ಆಹಾರದಿಂದ ನಿಷೇಧಿಸಿತ್ತು.

ಸಸ್ಯವೆಂದರೆ ನಿರಪಾಯವೆಂಬ ಭ್ರಮೆ ಕನ್ನಡ ವೈದ್ಯ ಸಾಹಿತ್ಯಕ್ಕೆ ಎಂದೂ ಇರಲಿಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯದ ಕಾವ್ಯವನ್ನೇ ಬರೆದ. ಅಲ್ಲಿ ಹಾವು ಚೇಳುಗಳ ಜಂಗಮ ವಿಷಕ್ಕೆ ಸರಿಸಮನಾಗಿ ಬೇರು, ಗೆಡ್ಡೆ, ಹಾಲು, ಬೀಜಗಳ ಸ್ಥಾವರ ವಿಷವೂ ನಿಲ್ಲುತ್ತದೆ. ಮನೆಮದ್ದಿಗೆ ವಂಶಾವಳಿ ಬೇಕೆನ್ನುವವರು ಹೋಗಬೇಕಾದದ್ದು ಮಂಗರಾಜನ ಬಳಿಗೆ. ಅವನ ಹೆಸರು ಹೇಳಿ ಮದ್ದು ಮಾರುವವರು ಪ್ರಮಾಣವನ್ನೂ ಪ್ರತಿವಿಷವನ್ನೂ ಹೇಳಬೇಕಾಗುತ್ತದೆ. ಗಾಂಧೀಜಿಯ ಹೆಸರು ಹೇಳಿದರೆ ಆ ತೊಂದರೆಯಿಲ್ಲ. ಈ ತಪ್ಪು ಓದು ಇಷ್ಟು ದಿನ ಬಾಳಿರುವುದಕ್ಕೆ ನನಗೆ ಕಾಣುವ ಕಾರಣ ಇದೊಂದೇ.