ಎಲೀಟ್ ಡೇಂಜರಸ್ ಆಟದಲ್ಲಿ ಗ್ರೈಂಡಿಂಗ್

ವಿಡಿಯೊ ಗೇಮ್‌ನಲ್ಲಿ ಹಣ, ಸಾಮಗ್ರಿ ಅಥವಾ ರ‍್ಯಾಂಕ್ ಗಳಿಸಲೆಂದು ಒಂದೇ ಕೆಲಸವನ್ನು ಗಂಟೆಗಟ್ಟಲೆ, ವಾರಗಟ್ಟಲೆ ಮಾಡುತ್ತ ಹೋಗುವುದಕ್ಕೆ ಗ್ರೈಂಡಿಂಗ್ ಎನ್ನುತ್ತಾರೆ. ಬಹುತೇಕ ಆನ್‌ಲೈನ್ ಆಟಗಳಲ್ಲಿ ಅದು ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಅದರ ಒಳಿತು ಕೆಡುಕು ಎರಡೂ ಎದ್ದು ಕಾಣುವುದು ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶ ಸಿಮ್ಯುಲೇಶನ್ ಆಟದಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಕಂಪನಿ 2014ರ ಡಿಸೆಂಬರ್ 16ರಂದು ಇದನ್ನು ಬಿಡುಗಡೆ ಮಾಡಿತು. ಆಟದೊಳಗೆ ನಮ್ಮ ಆಕಾಶಗಂಗೆಯನ್ನು ನಿಜ ಅಳತೆಯಲ್ಲೇ ಕಟ್ಟಲಾಗಿದೆ. ಸುಮಾರು 40,000 ಕೋಟಿ ನಕ್ಷತ್ರವ್ಯೂಹಗಳು, ಪರವಾನಗಿ ಬೇಕಾದ ಕೆಲವನ್ನು ಬಿಟ್ಟರೆ ಎಲ್ಲಿಗೆ ಬೇಕಾದರೂ ಹಾರಬಹುದು. ಹೀಗಿದ್ದೂ ಆಟಗಾರರು ಮುಗಿಬಿದ್ದದ್ದು ಬೆರಳೆಣಿಕೆಯ ಜಾಗಗಳಲ್ಲಿ. ಸೋಥಿಸ್, ರೋಬಿಗೊ, ಕ್ವಿನ್ಸ್, ಬೊರಾನ್ ಎಂಬ ಹೆಸರುಗಳನ್ನು ಹಳಬರು ನೆನೆಯುವುದು ಅಲ್ಲಿ ಗಂಟೆಗೆ ಎಷ್ಟು ಸಿಗುತ್ತಿತ್ತು ಎಂಬ ಲೆಕ್ಕದಿಂದ.

ಹಿನ್ನೆಲೆ

ಇದರ ಮೂಲ 1984ರ ಎಲೀಟ್. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಅದನ್ನು ಬಿಬಿಸಿ ಮೈಕ್ರೊ ಕಂಪ್ಯೂಟರಿಗಾಗಿ ಬರೆದರು. ಲಾವೆ ಎಂಬ ಗ್ರಹದಿಂದ 100 ಕ್ರೆಡಿಟ್ ಹಿಡಿದು ಹೊರಟ ಆಟಗಾರ ‘ಹಾರ್ಮ್‌ಲೆಸ್’ ರ‍್ಯಾಂಕ್‌ನಲ್ಲಿರುತ್ತಿದ್ದ. ಶತ್ರು ನೌಕೆಗಳನ್ನು ಉರುಳಿಸುತ್ತ ಹೋದಂತೆ ರ‍್ಯಾಂಕ್ ಏರುತ್ತಿತ್ತು. ‘ಡೇಂಜರಸ್’ ಆಗಲು 512, ‘ಎಲೀಟ್’ ಆಗಲು 6,400 ನೌಕೆಗಳನ್ನು ಹೊಡೆಯಬೇಕಿತ್ತು. ಸಂಖ್ಯೆ ದೊಡ್ಡದೇ. ಆದರೆ ಇಡೀ ಆಟದಲ್ಲಿ ಆಟಗಾರನ ಕೈಗಿದ್ದದ್ದು ಕೋಬ್ರಾ ಮಾರ್ಕ್ 3 ಎಂಬ ಒಂದೇ ನೌಕೆ. ರ‍್ಯಾಂಕ್ ಏರಿದರೆ ಹೊಸ ನೌಕೆ ಸಿಗುವಂತಿರಲಿಲ್ಲ. ವ್ಯಾಪಾರ ಮಾಡುತ್ತ, ಕಡಲ್ಗಳ್ಳರಂಥ ದರೋಡೆಕೋರರಿಂದ ತಪ್ಪಿಸಿಕೊಳ್ಳುತ್ತ ಬದುಕಿದವನಿಗೆ ಆ ಪಟ್ಟ ತಾನಾಗಿ ಬರುವ ಗೌರವವಾಗಿತ್ತು. ಹೊಸ ಆಟಕ್ಕೂ ಅದಕ್ಕೂ ಇರುವ ಈ ಒಂದು ವ್ಯತ್ಯಾಸವನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಜನರಿಂದ ಕಿಕ್‌ಸ್ಟಾರ್ಟರ್ ಮೂಲಕ 15 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿ ಬ್ರೇಬೆನ್ ಕಟ್ಟಿದ ಹೊಸ ಆಟ ಹಳೆಯ ರ‍್ಯಾಂಕ್‌ಗಳನ್ನು ಉಳಿಸಿಕೊಂಡು ಅವನ್ನು ಯುದ್ಧ, ವ್ಯಾಪಾರ, ಅನ್ವೇಷಣೆ ಎಂದು ಹಂಚಿತು. ಯಾವುದಾದರೂ ಒಂದರಲ್ಲಿ ಎಲೀಟ್ ಆದವರಿಗೆ ಶಿನ್ರಾರ್ಟಾ ಡೆಜ್ರಾ ವ್ಯೂಹಕ್ಕೆ ಪ್ರವೇಶ ಸಿಗುತ್ತದೆ. ಅಲ್ಲಿನ ಜೇಮ್ಸನ್ ಮೆಮೋರಿಯಲ್ ನಿಲ್ದಾಣದಲ್ಲಿ ನೌಕೆ ಮತ್ತು ಬಿಡಿಭಾಗಗಳಿಗೆ ಶೇ 10ರಷ್ಟು ರಿಯಾಯಿತಿ ಇದೆ. ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ತನಗೆ ಇಷ್ಟವಾದ ಕೆಲಸ ಮಾಡುತ್ತಲೇ ಆ ಮಟ್ಟ ಮುಟ್ಟಬಹುದಿತ್ತು.

ನೌಕಾಪಡೆಯ ರ‍್ಯಾಂಕ್‌ಗಳು

ತೊಂದರೆ ಶುರುವಾದದ್ದು ಇಲ್ಲಿ. ಫೆಡರೇಶನ್ ಮತ್ತು ಎಂಪೈರ್ ಎಂಬ ಎರಡು ಬದ್ಧವೈರಿ ಶಕ್ತಿಗಳಿಗೆ ಪ್ರತ್ಯೇಕ ನೌಕಾಪಡೆ, ಪ್ರತ್ಯೇಕ ಪದವಿಗಳಿವೆ. ಫೆಡರಲ್ ಕೊರ್ವೆಟ್ ಎಂಬ ಯುದ್ಧನೌಕೆಯ ಬೆಲೆ 18.79 ಕೋಟಿ ಕ್ರೆಡಿಟ್. ಆ ಹಣವಿದ್ದರೂ ರಿಯರ್ ಅಡ್ಮಿರಲ್ ಆಗದವರಿಗೆ ಅದನ್ನು ಮಾರುವುದಿಲ್ಲ. 20.89 ಕೋಟಿಯ ಇಂಪೀರಿಯಲ್ ಕಟ್ಟರ್ ಬೇಕಿದ್ದರೆ ಡ್ಯೂಕ್ ಆಗಿರಬೇಕು. ನಮ್ಮ ಸೌರಮಂಡಲವನ್ನು ನೋಡಲು ಕೂಡ ಫೆಡರೇಶನ್‌ನಲ್ಲಿ ಪೆಟಿ ಆಫೀಸರ್ ಪದವಿ ಬೇಕು.

ಏರುವ ಬಗೆ ಹೀಗೆ: ಆಯಾ ಶಕ್ತಿಗೆ ಸೇರಿದ ಬಣಗಳ ಮಿಷನ್‌ಗಳನ್ನು ಮಾಡಬೇಕು, ಶೇ 100 ತುಂಬಿದಾಗ ಬಡ್ತಿಯ ವಿಶೇಷ ಮಿಷನ್ ಕಾಣಿಸುತ್ತದೆ, ಅದನ್ನು ಮುಗಿಸಿದರೆ ಮುಂದಿನ ಪದವಿ. ಆಟಗಾರರು ಬೇಗನೆ ಅಡ್ಡದಾರಿ ಕಂಡುಕೊಂಡರು. ಫೆಡರೇಶನ್‌ಗಾಗಿ ಸೋಥಿಸ್ ಮತ್ತು ಸಿಯೋಸ್, ಎಂಪೈರ್‌ಗಾಗಿ ಎನ್‌ಗಾಲಿನ್ ಮತ್ತು ಮೈನಾನಿ. ಒಂದು ನಿಲ್ದಾಣದಲ್ಲಿ ದತ್ತಾಂಶ ತಲುಪಿಸುವ ಮಿಷನ್‌ಗಳನ್ನು ರಾಶಿಯಾಗಿ ಒಪ್ಪಿಕೊಂಡು, ಪಕ್ಕದ ವ್ಯೂಹಕ್ಕೆ ಜಿಗಿದು, ಒಪ್ಪಿಸಿ, ಅಲ್ಲಿಂದ ಇನ್ನೊಂದು ರಾಶಿ ಹೊತ್ತು ವಾಪಸಾಗುವುದು. ಬಡಬಗ್ಗರಿಗೆ ದೇಣಿಗೆ ಕೇಳುವ ಮಿಷನ್‌ಗಳಲ್ಲಿ ಹಣ ಕೊಟ್ಟರೂ ಪದವಿಯತ್ತ ಒಂದು ಹೆಜ್ಜೆ ಮುಂದೆ ಹೋಗಬಹುದಿತ್ತು. ಸರ್ವರ್ ಬದಲಿಸಿ ಹೊಸ ಮಿಷನ್ ಪಟ್ಟಿ ಪಡೆಯುವ ತಂತ್ರ ಬಹುಕಾಲ ನಡೆಯಿತು, ಆಮೇಲೆ ಕಂಪನಿ ಅದಕ್ಕೆ ಬಾಗಿಲು ಹಾಕಿತು.

ಹೀಗೆ ಒಂದು ಗುಂಡನ್ನೂ ಹಾರಿಸದೆ ಅಡ್ಮಿರಲ್ ಆಗಬಹುದು. ಒಬ್ಬನೇ ವ್ಯಕ್ತಿ ಫೆಡರೇಶನ್‌ನಲ್ಲಿ ಅಡ್ಮಿರಲ್, ಎಂಪೈರ್‌ನಲ್ಲಿ ಡ್ಯೂಕ್ ಎರಡೂ ಆಗಿರಬಹುದು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಪದವಿಯಿಂದ ಒಂದು ತುಕಡಿಗೂ ಆಜ್ಞೆ ಕೊಡಲಾಗದು. ರ‍್ಯಾಂಕ್ ಇಲ್ಲಿ ಅಂಗಡಿಯ ಬೀಗದ ಕೈ ಮಾತ್ರ. ಬೀಗ ಇಟ್ಟ ಮೇಲೆ ಜನ ಹತ್ತಿರದ ದಾರಿ ಹುಡುಕುವುದು ಸಹಜ, ಅದಕ್ಕಾಗಿ ಆಟಗಾರರನ್ನು ಸೋಮಾರಿಗಳೆಂದು ಜರೆಯುವುದು ಸರಿಯಲ್ಲ.

ಸಾಮಗ್ರಿಗಳ ಬೇಟೆ

2016ರ ಮೇ ತಿಂಗಳಲ್ಲಿ ಎಂಜಿನಿಯರ್‌ಗಳು ಬಂದರು. ನೌಕೆಯ ಭಾಗಗಳನ್ನು ಒಂದರಿಂದ ಐದನೆಯ ದರ್ಜೆಯವರೆಗೆ ತಿದ್ದಿಕೊಡುವ ಈ ಪಾತ್ರಗಳು ತಮ್ಮ ಬಾಗಿಲು ತೆರೆಯಲು ಒಂದೊಂದು ಷರತ್ತು ಹಾಕುತ್ತವೆ. ಡೆಸಿಯಾಟ್‌ನ ಫೆಲಿಸಿಟಿ ಫಾರ್ಸಿಯರ್‌ಗೆ ಮೆಟಾ ಅಲಾಯ್ ಎಂಬ ವಸ್ತು ಒಂದನ್ನು ಕೊಡಬೇಕು. ಸಲೀನ್ ಜೀನ್‌ಗೆ 500 ಟನ್ ಅದಿರು ತೆಗೆದ ಅನುಭವ ಬೇಕು, ಪ್ರೊಫೆಸರ್ ಪಾಲಿನ್‌ಗೆ ಆಟ ಶುರು ಮಾಡಿದ ಜಾಗದಿಂದ 5,000 ಜ್ಯೋತಿರ್ವರ್ಷ ದೂರ ಹೋದ ಅನುಭವ.

ಫಾರ್ಸಿಯರ್ ಕೈಯಲ್ಲಿ ನೌಕೆಯ ಜಿಗಿತದ ಯಂತ್ರವನ್ನು ಐದನೆಯ ದರ್ಜೆಗೆ ಏರಿಸಿದರೆ ಒಂದೊಂದು ಜಿಗಿತದ ದೂರ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ದೂರದ ಪಯಣ ಬಯಸುವ ಯಾರಿಗೂ ಇದು ಬೇಕೇ ಬೇಕು. ಅದಕ್ಕೆ ಮೂರು ವಸ್ತುಗಳು. ಆರ್ಸೆನಿಕ್ ಬೇಕೆಂದರೆ ಯಾವುದಾದರೂ ಬಂಜರು ಗ್ರಹದಲ್ಲಿಳಿದು, ಆರು ಚಕ್ರದ ಪುಟ್ಟ ಗಾಡಿಯಲ್ಲಿ ಅಲೆದು, ಬಂಡೆಗಳನ್ನು ಗುಂಡು ಹಾರಿಸಿ ಒಡೆಯಬೇಕು. ಕೆಮಿಕಲ್ ಮ್ಯಾನಿಪ್ಯುಲೇಟರ್‌ಗಳು ಸಿಗುವುದು ನಾಶವಾದ ಸರಕು ನೌಕೆಗಳ ಅವಶೇಷದಲ್ಲಿ. ಮೂರನೆಯದು ಡೇಟಾಮೈನ್ಡ್ ವೇಕ್ ಎಕ್ಸೆಪ್ಶನ್ಸ್ ಎಂಬ ದತ್ತಾಂಶ. ನೌಕೆಯೊಂದು ಬೇರೆ ವ್ಯೂಹಕ್ಕೆ ಜಿಗಿದಾಗ ಹಿಂದೆ ಉಳಿಯುವ ಮೋಡದಂಥ ಗುರುತನ್ನು ಸ್ಕ್ಯಾನ್ ಮಾಡಿದರೆ ಅದು ದೊರೆಯಬಹುದು, ದೊರೆಯದೆಯೂ ಇರಬಹುದು. ಹಾಗಾಗಿ ಆಟಗಾರರು ನೌಕೆಗಳ ಓಡಾಟ ಹೆಚ್ಚಿರುವ ಕಡೆ ತಮ್ಮ ನೌಕೆ ನಿಲ್ಲಿಸಿಕೊಂಡು, ಒಂದಾದ ಮೇಲೊಂದು ಗುರುತಿಗೆ ಮೂತಿ ತಿರುಗಿಸಿ ಸ್ಕ್ಯಾನರ್ ಗುಂಡಿ ಒತ್ತುತ್ತ ಕೂರುತ್ತಾರೆ. ಇಷ್ಟೆಲ್ಲ ಆದ ಮೇಲೆಯೂ ಮೊದಲ ಸುಮಾರು ಎರಡು ವರ್ಷ ಫಲಿತಾಂಶ ಅದೃಷ್ಟದ ಪಾಲಾಗಿತ್ತು. ಸಾಮಗ್ರಿ ಸುರಿದು ಮಾಡಿಸಿದ ತಿದ್ದುಪಡಿ ಇದ್ದದ್ದಕ್ಕಿಂತ ಕೆಟ್ಟದಾಗಿ ಬರುವ ಸಾಧ್ಯತೆಯಿತ್ತು.

ಕಂಪನಿ 2018ರ ಫೆಬ್ರುವರಿಯಲ್ಲಿ ಆ ಜೂಜನ್ನು ಕೈಬಿಟ್ಟಿತು. ಪ್ರತಿ ಪ್ರಯತ್ನವೂ ಅಷ್ಟಿಷ್ಟು ಮೇಲಕ್ಕೇ ಒಯ್ಯುವಂತಾಯಿತು, ಸಾಮಗ್ರಿ ವಿನಿಮಯದ ವ್ಯಾಪಾರಿಗಳೂ ಬಂದರು. ಕೆಳದರ್ಜೆಯ ಆರು ಕೊಟ್ಟರೆ ಮೇಲಿನ ದರ್ಜೆಯ ಒಂದು, ಮೇಲಿನ ಒಂದು ಕೊಟ್ಟರೆ ಕೆಳಗಿನ ಮೂರು. ಆ ವರ್ಷದ ಅತ್ಯಂತ ನ್ಯಾಯವಾದ ಬದಲಾವಣೆ ಇದೇ.

ಆದರೂ ರೀಲಾಗ್ ಎಂಬ ಚಾಳಿ ನಿಲ್ಲಲಿಲ್ಲ. ಆಟದಿಂದ ಮುಖ್ಯ ಮೆನುವಿಗೆ ಹೋಗಿ ವಾಪಸು ಬಂದರೆ ಅದೇ ಜಾಗದಲ್ಲಿ ಸಾಮಗ್ರಿಗಳು ಮತ್ತೆ ಹುಟ್ಟಿಕೊಂಡಿರುತ್ತವೆ. ಡೇವ್ಸ್ ಹೋಪ್ ಎಂಬ ಪಾಳುಬಿದ್ದ ವಸಾಹತಿನಲ್ಲಿ ಗಾಡಿ ಓಡಿಸಿ ಸಾಮಗ್ರಿ ಆಯ್ದುಕೊಳ್ಳುವುದು, ಮೆನುವಿಗೆ ಹೋಗುವುದು, ಬರುವುದು, ಮತ್ತೆ ಆಯುವುದು. ಎಚ್‌ಐಪಿ 12099 ವ್ಯೂಹದಲ್ಲಿ 1984ರ ಆಟದ ನಾಯಕ ಜೇಮ್ಸನ್‌ನ ಕೋಬ್ರಾ ಬಿದ್ದಿದೆ. ಅವನ ಕೊನೆಯ ಕಥೆ ಹೇಳುವ ಧ್ವನಿಮುದ್ರಣಗಳು ಅಲ್ಲಿವೆ. ಬಹುಪಾಲು ಜನ ಅಲ್ಲಿಗೆ ಹೋಗುವುದು ಸುತ್ತಲಿನ ಕಂಬಗಳಿಂದ ದತ್ತಾಂಶ ಹೀರಲು. ಸರಣಿಯ ಅತ್ಯಂತ ಭಾವಪೂರ್ಣ ಜಾಗಕ್ಕೆ ಹೀಗಾದದ್ದು ನಿಜಕ್ಕೂ ನೋವಿನ ಸಂಗತಿ.

ಗಣಿಗಾರಿಕೆ ಮತ್ತು ಹಣ

ಪುನರಾವರ್ತನೆಯೇ ದೋಷ ಎಂದು ತೀರ್ಮಾನಿಸುವ ಮೊದಲು 2018ರ ಡಿಸೆಂಬರ್‌ನಲ್ಲಿ ಬಂದ ಆಳದ ಗಣಿಗಾರಿಕೆಯನ್ನು ನೋಡಬೇಕು. ಗ್ರಹದ ಉಂಗುರದೊಳಗೆ ನೌಕೆ ಇಳಿಸಿ ಪಲ್ಸ್ ವೇವ್ ಅನಲೈಸರ್ ಎಂಬ ಸ್ಕ್ಯಾನರ್ ಬಳಸಿದರೆ ಸಾವಿರಾರು ಬಂಡೆಗಳ ನಡುವೆ ಕೆಲವು ಹೊಳೆಯುತ್ತವೆ. ಅನುಮಾನ ಬಂದ ಬಂಡೆಗೆ ಪ್ರಾಸ್ಪೆಕ್ಟರ್ ಲಿಂಪೆಟ್ ಎಂಬ ಪುಟ್ಟ ಡ್ರೋನ್ ಹಾರಿಸಿ ಒಳಗೆ ತಿರುಳಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ನಂತರ ಬಂಡೆಯನ್ನು ಸುತ್ತುತ್ತ ಬಿರುಕುಗಳನ್ನು ಹುಡುಕಿ, ಯಾವ ಬಿರುಕಿಗೆ ಎಷ್ಟು ಬಲದ ಸಿಡಿಮದ್ದು ಎಂದು ಅಳೆದು ನೆಡಬೇಕು. ಕಡಿಮೆಯಾದರೆ ಬಂಡೆ ಸೀಳದು, ಹೆಚ್ಚಾದರೆ ಒಳಗಿನ ಮಾಲು ಹಾಳು. ದೂರ ಸರಿದು ನಿಂತಾಗ ಬಂಡೆ ಹೋಳಾಗುತ್ತದೆ. ಒಳಗೋಡೆಗೆ ಅಂಟಿದ ವಾಯ್ಡ್ ಓಪಲ್ ರತ್ನ‌ಗಳನ್ನು ಅಬ್ರೇಶನ್ ಬ್ಲಾಸ್ಟರ್‌ನಿಂದ ಉದುರಿಸಿದರೆ ಕಲೆಕ್ಟರ್ ಲಿಂಪೆಟ್‌ಗಳು ಹೆಕ್ಕಿ ತರುತ್ತವೆ. ಇದನ್ನೂ ಜನ ನೂರಾರು ಸಲ ಮಾಡಿದರು, ಆದರೆ ಬೇಸರದ ಮಾತು ಕಡಿಮೆ ಕೇಳಿಬಂತು. ಪ್ರತಿ ಬಂಡೆಯೂ ಹೊಸದೊಂದು ನಿರ್ಧಾರ ಬೇಡುತ್ತದೆ, ಕಣ್ಣು ಕೈ ಎರಡಕ್ಕೂ ಕೆಲಸವಿರುತ್ತದೆ. ಗುರುತುಗಳನ್ನು ಸ್ಕ್ಯಾನ್ ಮಾಡುತ್ತ ಕೂರುವಲ್ಲಿ ಇಲ್ಲದ್ದು ಇದೇ.

ಓಪಲ್‌ನ ಬೆಲೆ ಟನ್ನಿಗೆ 10 ಲಕ್ಷ ಕ್ರೆಡಿಟ್ ದಾಟಿದ್ದರಿಂದ ಅಲ್ಲಿಯೂ ನೂಕುನುಗ್ಗಲಾಯಿತು. 2020ರಲ್ಲಿ ಬೊರಾನ್‌ನ ವಜ್ರಗಳ ಸರದಿ. ಅದಕ್ಕೂ ಹಿಂದೆ ರೋಬಿಗೊದ ಕಳ್ಳಸಾಗಣೆ, ಕ್ವಿನ್ಸ್‌ನ ಸ್ಕ್ಯಾನ್ ಮಿಷನ್‌ಗಳು ಇದೇ ಹಾದಿ ಹಿಡಿದಿದ್ದವು: ಲಾಭದ ಜಾಗ ಪತ್ತೆಯಾಗುತ್ತದೆ, ಎಲ್ಲರೂ ಧಾವಿಸುತ್ತಾರೆ, ಕಂಪನಿ ಆದಾಯ ಇಳಿಸುತ್ತದೆ, ಜನ ಮುಂದಿನದನ್ನು ಹುಡುಕುತ್ತಾರೆ. 2020ರ ಜೂನ್‌ನಲ್ಲಿ 500 ಕೋಟಿ ಕ್ರೆಡಿಟ್ ಬೆಲೆಯ, ಚಲಿಸುವ ನಿಲ್ದಾಣದಂಥ ಫ್ಲೀಟ್ ಕ್ಯಾರಿಯರ್‌ಗಳು ಬಂದಾಗ ಈ ಓಟ ಇನ್ನಷ್ಟು ಬಿರುಸಾಯಿತು. ಅನಕೊಂಡಾದಂಥ ದೊಡ್ಡ ನೌಕೆಗೇ 14.69 ಕೋಟಿ ಎಂದ ಮೇಲೆ, ಕ್ಯಾರಿಯರ್‌ನ ಮೊತ್ತವನ್ನು ಒಂದೇ ಕೆಲಸಕ್ಕೆ ಕಟ್ಟುಬೀಳದೆ ಕೂಡಿಸುವುದು ಹೆಚ್ಚಿನವರಿಗೆ ಆಗದ ಮಾತಾಗಿತ್ತು.

ಇತ್ತೀಚಿನ ಬದಲಾವಣೆಗಳು

2015ರಿಂದ ಇದ್ದ ಪವರ್‌ಪ್ಲೇ ವ್ಯವಸ್ಥೆಯಲ್ಲಿ ಒಬ್ಬ ನಾಯಕನಿಗೆ ನಾಲ್ಕು ವಾರ ನಿಷ್ಠೆ ತೋರಿ ಅಂಕ ಗಳಿಸಿದರಷ್ಟೇ ವಿಶೇಷ ಶಸ್ತ್ರವೊಂದು ಕೈಗೆ ಬರುತ್ತಿತ್ತು. ಬಹಳ ಜನ ವಸ್ತು ಸಿಕ್ಕ ಮರುದಿನವೇ ಬೇರೆ ನಾಯಕನ ಕಡೆ ಹೋಗುತ್ತಿದ್ದರು. 2024ರ ಅಕ್ಟೋಬರ್‌ನಲ್ಲಿ ಇದನ್ನು ಹೊಸದಾಗಿ ಕಟ್ಟಲಾಯಿತು. ಎಂಜಿನಿಯರ್‌ಗಳ ಸಾಮಗ್ರಿ ಹೊರೆಯೂ ಅದೇ ವರ್ಷ ಸಾಕಷ್ಟು ತಗ್ಗಿತು. ಜೊತೆಗೆ ನಿಜವಾದ ಹಣ ಕೊಟ್ಟು ಹೊಸ ನೌಕೆಗಳನ್ನು ಬೇಗ ಪಡೆಯುವ ಸೌಲಭ್ಯ ಬಂತು. ಶ್ರಮ ತಪ್ಪಿಸಲು ಹಣ ತೆರುವ ದಾರಿ ತೆರೆದಾಗ, ಶ್ರಮವನ್ನು ಹಗುರ ಮಾಡುವ ಉತ್ಸಾಹ ಕಂಪನಿಯಲ್ಲಿ ಕುಂದಬಹುದು ಎಂಬ ಆಟಗಾರರ ಆತಂಕಕ್ಕೆ ಕಾರಣವಿದೆ.

2025ರ ಫೆಬ್ರುವರಿಯಲ್ಲಿ ಬಂದ ವಸಾಹತು ನಿರ್ಮಾಣ ಗ್ರೈಂಡಿಂಗ್‌ಗೆ ಬೇರೊಂದು ದಿಕ್ಕು ಕೊಟ್ಟಿದೆ. ಜನವಿಲ್ಲದ ವ್ಯೂಹವೊಂದನ್ನು ತನ್ನದೆಂದು ಗುರುತಿಸಿದವರು ನಾಲ್ಕು ವಾರದೊಳಗೆ ಮೊದಲ ನಿಲ್ದಾಣ ಕಟ್ಟಿ ಮುಗಿಸಬೇಕು. ಉಕ್ಕು, ಟೈಟಾನಿಯಂ, ಅಲ್ಯೂಮಿನಿಯಂ ಎಲ್ಲ ಸೇರಿ ಸಾವಿರಾರು ಟನ್ ಸಾಗಿಸಬೇಕು, ದೊಡ್ಡ ನಿಲ್ದಾಣವಾದರೆ ಹತ್ತಾರು ಸಾವಿರ. ದುಡಿಮೆ ಹಿಂದಿನದಕ್ಕಿಂತ ಕಡಿಮೆಯಲ್ಲ, ಹೆಚ್ಚೇ. ಆದರೂ ಗೆಳೆಯರ ಗುಂಪುಗಳು ತಮ್ಮ ಕ್ಯಾರಿಯರ್‌ಗಳನ್ನು ಉಗ್ರಾಣ ಮಾಡಿಕೊಂಡು, ಯಾರು ಉಕ್ಕು ತರಬೇಕು ಯಾರು ಟೈಟಾನಿಯಂ ತರಬೇಕು ಎಂದು ಹಂಚಿಕೊಂಡು ಈ ಕೆಲಸ ಮಾಡುತ್ತಿವೆ, ಕಟ್ಟಿದ ನಿಲ್ದಾಣದಲ್ಲಿ ಬೇರೆಯವರೂ ಬಂದಿಳಿಯುತ್ತಿದ್ದಾರೆ. ಹೀಗೆ ಆಟಗಾರರು ಹೊಸ ಜಾಗಗಳತ್ತ ಚದುರಿ, ಜನವಸತಿಯ ಗಡಿ ಹೊರಮುಖವಾಗಿ ಬೆಳೆಯತೊಡಗಿದೆ.