ಇನ್ನೂರ ಒಂದು ಮತದ ಕ್ಷೇತ್ರ

ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ಅಲ್ಲಿಂದ ದಾರಿ ಬೇರೆಯಾಗಿ ತುಂಗೆ ಶೃಂಗೇರಿ, ಹರಿಹರಪುರಗಳತ್ತ ಹರಿದರೆ, ಭದ್ರೆ ಕಳಸ ದಾಟಿ ಬಾಳೆಹೊನ್ನೂರಿನ ಕಡೆ ತಿರುಗುತ್ತಾಳೆ. ಈ ಎರಡು ಹೊಳೆಗಳ ನಡುವಿನ ಮತ್ತು ಆಸುಪಾಸಿನ ನಾಡೇ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳು. ಚಿಕ್ಕಮಗಳೂರು ತಾಲ್ಲೂಕಿನ ಖಾಂಡ್ಯ ಹೋಬಳಿಯನ್ನೂ ಸೇರಿಸಿದರೆ ಶೃಂಗೇರಿ ವಿಧಾನಸಭಾ ಕ್ಷೇತ್ರ ಪೂರ್ಣವಾಗುತ್ತದೆ.

ಮೂರು ಪೇಟೆಗಳೂ ಮೂರು ಬಗೆಯವು. ಶೃಂಗೇರಿಯದು ಶಾರದಾ ಪೀಠದ ಸುತ್ತ ಬೆಳೆದ ಬದುಕು. ವಿದ್ಯಾಶಂಕರ ದೇವಾಲಯ ಹದಿನಾಲ್ಕನೇ ಶತಮಾನದ್ದು. ಅದರ ಎದುರಿನ ವಸತಿಗೃಹ, ಹೋಟೆಲುಗಳೆಲ್ಲ ಈಚಿನವು. ಮಳೆಗಾಲದಲ್ಲಿ ತುಂಗೆ ಉಕ್ಕಿದರೆ ಗಾಂಧಿ ಮೈದಾನಕ್ಕೆ ನೀರು ನುಗ್ಗುತ್ತದೆ. ನರಸಿಂಹರಾಜಪುರ ಹಿಂದೆ ಎಡೇಹಳ್ಳಿಯಾಗಿತ್ತು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ನೆನಪಿಗೆ ಹೊಸ ಹೆಸರು ಬಂತು. ತರೀಕೆರೆಯಿಂದ ಅಲ್ಲಿಗೆ ಒಂದು ಕಾಲದಲ್ಲಿ ಪುಟ್ಟ ರೈಲು ಓಡುತ್ತಿತ್ತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಗದ್ದೆಗಳನ್ನೂ ಊರುಗಳನ್ನೂ ಮುಳುಗಿಸಿತು. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ, ಬಾಳೆಹೊನ್ನೂರಿನ ರಂಭಾಪುರಿ ಪೀಠ, ಕೇರಳದಿಂದ ಬಂದು ನೆಲೆಸಿದವರ ಚರ್ಚುಗಳು, ರಬ್ಬರ್ ತೋಟಗಳು, ಎಲ್ಲವೂ ಆ ಒಂದೇ ತಾಲ್ಲೂಕಿನಲ್ಲಿವೆ.

ಕೊಪ್ಪದ ಹಿರೇಕೊಡಿಗೆಯಲ್ಲಿ 1904ರಲ್ಲಿ ಕುವೆಂಪು ಹುಟ್ಟಿದರು. ಅದೇ ಕೊಪ್ಪ ಸಹಕಾರ ಸಾರಿಗೆಯ ಊರು. ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಕೆಲಸ ಕಳೆದುಕೊಂಡ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್‌ಗಳು ಸೇರಿ 1991ರಲ್ಲಿ ಸ್ವಂತ ಸಹಕಾರ ಸಂಘ ಕಟ್ಟಿಕೊಂಡು ಬಸ್ ಓಡಿಸಿದರು. ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳಿಗೆ ಆ ಬಸ್ಸುಗಳೇ ದಾರಿಯಾದವು. 2020ರ ಫೆಬ್ರುವರಿಯಲ್ಲಿ ಸಂಸ್ಥೆ ನಿಂತುಹೋಯಿತು. ಮೂರು ವರ್ಷ ಕಳೆದು ಸರ್ಕಾರ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ತಂದಾಗ, ಖಾಸಗಿ ಬಸ್ಸೇ ಹೆಚ್ಚು ಓಡುವ ಈ ಭಾಗದ ಹೆಂಗಸರು ಟಿಕೆಟ್ ಕೊಂಡೇ ಓಡಾಡಬೇಕಾಯಿತು. ಬೆಂಗಳೂರಿನಲ್ಲಿ ಕುಳಿತು ಬರೆದ ಯೋಜನೆ ಘಟ್ಟದ ಸೆರಗಿಗೆ ಅರ್ಧವೇ ತಲುಪುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ರಾಜಕೀಯದಲ್ಲಿ ಈ ಮಣ್ಣು ಸಣ್ಣದಲ್ಲ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಲೋಕಸಭಾ ಸ್ಥಾನದಿಂದ ಇಂದಿರಾ ಗಾಂಧಿ ಗೆದ್ದರು. ದೇಶದ ಕಣ್ಣೆಲ್ಲ ಆಗ ಈ ಜಿಲ್ಲೆಯ ಮೇಲಿತ್ತು. ಅದೇ ಚಂದ್ರೇಗೌಡರು 1999ರಲ್ಲಿ ಶೃಂಗೇರಿಯಿಂದ ವಿಧಾನಸಭೆಗೆ ಹೋಗಿ ಕಾನೂನು ಸಚಿವರಾದರು. ಅವರಿಗೂ ಮುಂಚೆ ಇಲ್ಲಿಂದ ಗೆದ್ದಿದ್ದ ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿ ಮಾಡಿದ ಕೆಲಸವನ್ನು ರಾಜ್ಯ ಮರೆಯಬಾರದು. ಶಿಫಾರಸು, ಲಂಚಗಳಿಗೆ ಎಡೆಯಿಲ್ಲದಂತೆ ಅಂಕಗಳ ಆಧಾರದಲ್ಲೇ ಲಕ್ಷದಷ್ಟು ಶಿಕ್ಷಕರನ್ನು ನೇಮಿಸಿದವರು ಅವರು. ಬಡವರ ಮನೆಯ ಎಷ್ಟೋ ಮಕ್ಕಳು ಆಗ ಮೇಷ್ಟರಾದರು. ಪುಟ್ಟ ಕ್ಷೇತ್ರದ ಮತದಾರರು ಒಬ್ಬ ಪ್ರಾಮಾಣಿಕನನ್ನು ಕಳಿಸಿದರೆ ಇಡೀ ರಾಜ್ಯಕ್ಕೆ ಎಷ್ಟು ಒಳಿತಾಗಬಹುದೆಂಬುದಕ್ಕೆ ಗೋವಿಂದೇಗೌಡರೇ ಪ್ರಮಾಣ.

ಆಮೇಲೆ 2004ರಿಂದ ಮೂರು ಸಲ ಬಿಜೆಪಿಯ ಡಿ.ಎನ್. ಜೀವರಾಜ್ ಗೆದ್ದರು. 2018ರಲ್ಲಿ ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡರು ಸುಮಾರು ಎರಡು ಸಾವಿರ ಮತಗಳಿಂದ ಮುಂದಾದರು. 2023ರ ಮೇ 13ರ ಎಣಿಕೆಯಲ್ಲಿ ಅವರಿಬ್ಬರ ನಡುವೆ ಉಳಿದ ಅಂತರ 201 ಮತ. ಮೂರು ತಾಲ್ಲೂಕಿನ ಲಕ್ಷಕ್ಕೂ ಮಿಕ್ಕ ಜನರ ತೀರ್ಪು ಒಂದು ಹಳ್ಳಿಯ ಒಂದು ಕೇರಿಯಷ್ಟು ಜನರ ಮೇಲೆ ನಿಂತಿತ್ತು.

ಆ ಚುನಾವಣೆಯ ಮತದಾನ ನಡೆದದ್ದು ಬುಧವಾರ, ವಾರದ ನಟ್ಟನಡುವೆ. ಇಲ್ಲಿನ ಮನೆಮನೆಯ ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ಕೆಂಗೇರಿ, ಯಲಹಂಕ, ನೆಲಮಂಗಲದ ಆಚೆಯ ಹೊಸ ಬಡಾವಣೆಗಳಲ್ಲಿ ಬಾಡಿಗೆಗೋ ಸ್ವಂತಕ್ಕೋ ಮನೆ ಮಾಡಿದ್ದಾರೆ. ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಒಂದು ಮತಕ್ಕಾಗಿ ಎರಡು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು. ಬಂದವರೂ ಇದ್ದಾರೆ, ಬಾರದವರೂ ಇದ್ದಾರೆ. 201ರ ಲೆಕ್ಕ ಎದುರಿಗಿರುವಾಗ ಎರಡೂ ಮುಖ್ಯವೇ.

ಊರು ಬಿಟ್ಟವರ ಈ ಕಥೆಯನ್ನೇ ಜನಗಣತಿಯ ಅಂಕಿಗಳೂ ಹೇಳುತ್ತವೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನ 11,40,905, 2011ರಲ್ಲಿ 11,37,961. ಹತ್ತು ವರ್ಷದಲ್ಲಿ ಜಿಲ್ಲೆ ಬೆಳೆಯಲಿಲ್ಲ, ಕುಗ್ಗಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಈಚಿನ ಮತದಾರರ ಪಟ್ಟಿಗಳಲ್ಲಿ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದ ಮತದಾರರ ಸಂಖ್ಯೆ ಏಳು ಲಕ್ಷ ದಾಟಿದೆ. ಶೃಂಗೇರಿಯಲ್ಲಿ ಇರುವುದು ಸುಮಾರು 1.67 ಲಕ್ಷ, ರಾಜ್ಯದಲ್ಲೇ ಅತಿ ಕಡಿಮೆ. ಬಡಾವಣೆಯಲ್ಲಿ ಕುಡಿಯುವ ನೀರಿಗೆ, ಚರಂಡಿಗೆ, ಮೆಟ್ರೋಗೆ ಕಾಯುವವನು ನನ್ನ ಮತಕ್ಕೇಕೆ ಕಡಿಮೆ ತೂಕ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅವನೂ ನಮ್ಮ ಮನೆಯ ಹುಡುಗನೇ ಆಗಿರಬಹುದು.

ಆದರೆ ತಲೆ ಎಣಿಸುವುದೊಂದೇ ಅಳತೆಯಾದರೆ ಬೆಟ್ಟದ ನಾಡಿಗೆ ದನಿ ಉಳಿಯುವುದಿಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಈ ಜಿಲ್ಲೆ ಬೀರೂರು ಕ್ಷೇತ್ರವನ್ನು ಕಳೆದುಕೊಂಡು ಆರರಿಂದ ಐದಕ್ಕೆ ಇಳಿಯಿತು. ಮುಂದಿನ ಜನಗಣತಿ ಮುಗಿದು ಗಡಿಗಳನ್ನು ಮತ್ತೆ ಎಳೆಯುವಾಗ ಎಲ್ಲಕ್ಕಿಂತ ಸಣ್ಣ ಕ್ಷೇತ್ರದ ಮೇಲೇ ಮೊದಲ ಕಣ್ಣು ಬೀಳುತ್ತದೆ.

ಇಲ್ಲಿನ ಕಷ್ಟಗಳು ಬಯಲುಸೀಮೆಯವರಿಗಾಗಲಿ ನಗರದವರಿಗಾಗಲಿ ಸುಲಭಕ್ಕೆ ಅರ್ಥವಾಗುವಂಥವಲ್ಲ. ಹಳದಿ ಎಲೆ ರೋಗ ದಶಕಗಳಿಂದ ಅಡಿಕೆ ತೋಟಗಳನ್ನು ತಿನ್ನುತ್ತಿದೆ. ಅದರ ಮೇಲೆ ಈಗ ಎಲೆಚುಕ್ಕಿ ರೋಗ. ಬಗರ್‌ಹುಕುಂ ಸಾಗುವಳಿಗೆ ಫಾರಂ 50, 53, 57 ಬರೆದುಕೊಟ್ಟವರು ಹಕ್ಕುಪತ್ರಕ್ಕೆ ಅಲೆಯುತ್ತಲೇ ಇದ್ದಾರೆ. ಡೀಮ್ಡ್ ಅರಣ್ಯ, ಅರಣ್ಯ ಕಾಯ್ದೆಯ ಸೆಕ್ಷನ್ 4, ಪಶ್ಚಿಮ ಘಟ್ಟದ ಕಸ್ತೂರಿರಂಗನ್ ವರದಿ ಎಂಬ ಮಾತುಗಳು ಮನೆ ಕಟ್ಟಲು, ತೋಟದ ಲೈನ್ ಮನೆಯ ಕೂಲಿಕಾರರಿಗೆ ನಿವೇಶನ ಕೊಡಲು ಅಡ್ಡ ಬಂದಿವೆ. ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆ ಆನೆ ತುಳಿದು ಜನ ಸತ್ತಿದ್ದಾರೆ. ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಬೇಕೆಂದು ಯುವಕರು ದನಿ ಎತ್ತಿದರು. ರಾತ್ರಿ ಎದೆನೋವು ಬಂದರೆ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಘಾಟಿ ರಸ್ತೆಯಲ್ಲಿ ಓಡಬೇಕಾದ ಜನರ ಕೂಗು ಅದು. ಇವನ್ನು ವಿಧಾನಸೌಧದಲ್ಲಿ ಬಿಡಿಸಿ ಹೇಳಲು ಇಲ್ಲಿನವನೇ ಒಬ್ಬ ಬೇಕು.

ಪುನರ್ವಿಂಗಡಣೆಯ ಕಾನೂನು ಜನಸಂಖ್ಯೆಯ ಜೊತೆಗೆ ನೆಲದ ಸ್ವರೂಪ, ಸಂಪರ್ಕ ಸೌಲಭ್ಯ, ಜನರ ಅನುಕೂಲಗಳನ್ನೂ ನೋಡಬೇಕೆನ್ನುತ್ತದೆ. ಪುನರ್ವಿಂಗಡಣಾ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆಗಳನ್ನೂ ಕೇಳುತ್ತದೆ. ಆ ದಿನ ಬಂದಾಗ ನಾವು ಪಕ್ಷದ ಬಾವುಟ ಬದಿಗಿಟ್ಟು ಮೂರೂ ತಾಲ್ಲೂಕಿನವರಾಗಿ ಒಟ್ಟಿಗೆ ಅಹವಾಲು ಕೊಡಬೇಕು. ಗ್ರಾಮಸಭೆಗಳು ಈಗಿನಿಂದಲೇ ನಿರ್ಣಯ ಮಾಡಲಿ. ಜನಗಣತಿಯವರು ಬಾಗಿಲಿಗೆ ಬಂದಾಗ ಮನೆಯಲ್ಲಿ ಇರುವವರೆಲ್ಲರ ಹೆಸರನ್ನೂ ತಪ್ಪದೆ ಬರೆಸಿ. ಊರಲ್ಲಿರುವವರು ಮತದಾರರ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ. ಪರ ಊರಿನಲ್ಲಿದ್ದೂ ಮತವನ್ನು ಇಲ್ಲೇ ಉಳಿಸಿಕೊಂಡವರು ಮುಂದಿನ ಚುನಾವಣೆಗೆ ರಜೆ ಹಾಕಿ ಬನ್ನಿ. ಇನ್ನೂರ ಒಂದು ಮತದಲ್ಲಿ ಫಲಿತಾಂಶ ತೀರ್ಮಾನವಾದ ಕ್ಷೇತ್ರದಲ್ಲಿ ನನ್ನದೊಂದು ಮತದಿಂದ ಏನಾಗುತ್ತದೆ ಎಂದು ಕೇಳುವ ಹಕ್ಕು ನಮಗೆ ಯಾರಿಗೂ ಇಲ್ಲ.